ಹಸುವಿನ ಮೂಗಿಗೊಂದು ಕ್ಯಾಮೆರಾ

ನಾನು ಕೈ ಹಾಕಿದ ಯಾವ ಕೆಲಸವೂ ಸುತ್ತ ನಾಲ್ಕು ಜನ ನಗದೆ ಮುಗಿದಿಲ್ಲ. ಹೋದ ವರ್ಷ ಕ್ಯಾಮೆರಾ ಕೊಂಡಿದ್ದೂ ಹಾಗೆಯೇ.

ನಾನು ಹಾಸನದ ಕಡೆಯವನು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ. ಹೆಂಡತಿಯ ತವರು ಬೇತಮಂಗಲ. ಮಾವನವರಿಗೆ ಹೊಲವಿದೆ, ಹಸುಗಳಿವೆ, ಅಳಿಯನ ಮೇಲೆ ಮಾತ್ರ ನಂಬಿಕೆಯಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಹಾಲು ಕರೆಯಲು ಕೂತು, ಚೊಂಬಿನ ಸಮೇತ ಒದೆಸಿಕೊಂಡಿದ್ದೆ. ಆಮೇಲೆ ಹನ್ನೊಂದು ವರ್ಷ ಆ ಮನೆಯಲ್ಲಿ ನನಗೆ ಕಾಫಿ ಸಿಕ್ಕಿತೇ ಹೊರತು ಕೆಲಸ ಸಿಗಲಿಲ್ಲ.

ಅವರ ಹೊಸ ಹಸುವಿಗೆ ವಿಮೆ ಮಾಡಿಸಬೇಕಿತ್ತು. ಕಿವಿಗೆ ಹಾಕುವ ಬಿಲ್ಲೆ ಬಿದ್ದುಹೋಗಬಹುದು, ಮೂಗಿನ ಮೇಲಿನ ಗೆರೆಗಳು ಮಾತ್ರ ನಮ್ಮ ಹೆಬ್ಬೆಟ್ಟಿನ ಹಾಗೆ, ಒಂದಕ್ಕಿದ್ದದ್ದು ಇನ್ನೊಂದಕ್ಕಿರುವುದಿಲ್ಲ. ವಿಮೆಯ ಕಚೇರಿಯವರು ಆ ಗೆರೆಗಳ ಫೋಟೊ ಬೇಕೆಂದಿದ್ದರು. ಮಾವ ಫೋನಿನಲ್ಲಿ ತೆಗೆದದ್ದು ಮೂರು ಸಲವೂ ಮಸುಕು ಎಂದು ವಾಪಸ್ಸು ಬಂತು.

"ಬಿಡಿ ಮಾವ, ಹತ್ತಿರದಿಂದ ಫೋಟೊ ತೆಗೆಯೋ ಕ್ಯಾಮೆರಾ ನಾನು ಹೇಗೂ ತಗೋತಿದ್ದೀನಿ" ಎಂದುಬಿಟ್ಟೆ. ಅಂಥ ಯೋಚನೆಯೇ ನನಗಿರಲಿಲ್ಲ. ಆದರೆ ಮಾವ ಮೊದಲ ಸಲ ನನ್ನ ಮುಖ ನೋಡಿ ತಲೆಯಾಡಿಸಿದರು. ಇನ್ನು ಮಾನ ಉಳಿಸಿಕೊಳ್ಳಬೇಕಲ್ಲ!

ಅಂಗಡಿಯಿಂದ ಆಟೋವರೆಗೆ

ರಾಬರ್ಟ್‌ಸನ್‌ಪೇಟೆಯ ಕ್ಯಾಮೆರಾ ಅಂಗಡಿಗೆ ಹೋದೆ.

"ಮದುವೆಗಾ ಸಾರ್, ನಾಮಕರಣಕ್ಕಾ?" ಎಂದರು ಅಂಗಡಿಯವರು.

"ಹಸುವಿನ ಮೂಗಿಗೆ."

ಅವರು ಮೊಳದುದ್ದದ ಲೆನ್ಸ್ ಇದ್ದ ಕ್ಯಾಮೆರಾ ತಂದಿಟ್ಟರು. "ಇದು ತಗೊಳ್ಳಿ. ನಂದಿದುರ್ಗ ಗಣಿಯ ಮಣ್ಣುಗುಡ್ಡದ ಮೇಲಿರೋ ಮೇಕೆ ಗಡ್ಡಾನ ಇಲ್ಲಿಂದಾನೇ ಎಣಿಸ್ಬೋದು."

ಅವರ ಅಂಗಿಯ ಗುಂಡಿಗೆ ಹಿಡಿದು ನೋಡಿದೆ. ಬರೀ ಮಂಜು. "ಸ್ವಲ್ಪ ಹಿಂದೆ ಹೋಗಿ ಸಾರ್" ಎಂದರು. ಹೋದೆ. "ಇನ್ನೂ ಸ್ವಲ್ಪ." ಬಾಗಿಲು ದಾಟಿದೆ, ಮೆಟ್ಟಿಲಿಳಿದೆ, ಕಣ್ಣು ಕ್ಯಾಮೆರಾದಲ್ಲೇ. ಕೊನೆಗೂ ಗುಂಡಿ, ಅದರ ನಾಲ್ಕು ತೂತು ಸಮೇತ, ಫಳಫಳ ಕಂಡಿತು. ಅಷ್ಟರಲ್ಲಿ ಮೊಣಕಾಲ ಹಿಂದೆ ಏನೋ ತಗುಲಿ ದೊಪ್ಪನೆ ಕೂತೆ.

ಆಟೋದವರು ಗಾಡಿ ಸ್ಟಾರ್ಟ್ ಮಾಡಿ ಕೇಳಿದರು: "ಎಲ್ಲಿಗೆ ಸಾರ್?"

ಪೂರಿಯ ಮುಖ

ಕೊನೆಗೆ ಅಂಗಡಿಯ ಮೂಲೆಯಲ್ಲಿದ್ದ ಪುಟ್ಟ ಕ್ಯಾಮೆರಾ ಆರಿಸಿದೆ. ಒಂದು ಸೆಂಟಿಮೀಟರ್ ಹತ್ತಿರ ಹೋದರೂ ಸ್ಪಷ್ಟವಾಗಿ ತೆಗೆಯುತ್ತದಂತೆ. ನಾನು ಅಂತೆಕಂತೆ ನಂಬುವವನಲ್ಲ, ಕಾರ್ಖಾನೆಯ ಸ್ಕೇಲು ಹಿಡಿದು ಅಳೆದೇ ಕೊಂಡದ್ದು.

ಸಂಜೆ ಹೆಂಡತಿಯ ಜೊತೆ ಬಂಗಾರಪೇಟೆಗೆ ಹೋದಾಗ ಪಾನಿಪೂರಿ ಗಾಡಿಯ ಮುಂದೆ ನಿಂತೆವು. ಕೈ ಸುಮ್ಮನಿರಲಿಲ್ಲ. ಪೂರಿಯೊಂದರ ಫೋಟೊ ತೆಗೆದು ಗಾಡಿಯವರಿಗೆ ತೋರಿಸಿದೆ. ಪರದೆಯ ತುಂಬ ಗುಳ್ಳೆ, ಹಳ್ಳ, ಎಣ್ಣೆಯ ಮಡು. ಪಕ್ಕದ ಹೆಂಗಸೊಬ್ಬರು ಬಗ್ಗಿ ನೋಡಿ, ಬಾಯಿ ಹತ್ತಿರ ಒಯ್ದಿದ್ದ ಪೂರಿಯನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಹಿಂದಿದ್ದವರೂ ಇಟ್ಟರು.

ಗಾಡಿಯವರು ಕೈಮುಗಿದರು. "ಸಾರ್, ನೀವು ಎಷ್ಟು ಪ್ಲೇಟ್ ಬೇಕಾದ್ರೂ ತಿನ್ನಿ, ದುಡ್ಡು ಬೇಡ. ಅದನ್ನ ಒಳಗಿಟ್ಟು ತಿನ್ನಿ!"

ಯಾರು ಅಲ್ಲಾಡಿದ್ದು?

ಭಾನುವಾರ ಕೊಟ್ಟಿಗೆಗೆ ಇಳಿದೆ. ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಮೂಗಿನ ಮೇಲೆ ಬೀಳುತ್ತದೆಂದು ಆಗ ಗೊತ್ತಾಯಿತು. ಬೆಳಕು ತಿರುಗಿಸಲು ಅತ್ತೆ ಸ್ಟೀಲ್ ತಟ್ಟೆ ಹಿಡಿದರು. ತಟ್ಟೆ ಕಂಡ ಹಸು ತಿಂಡಿ ಬಂತೆಂದು ನಾಲಿಗೆ ಚಾಚಿತು. ತಟ್ಟೆ ಸಿಗಲಿಲ್ಲ, ಕ್ಯಾಮೆರಾ ಸಿಕ್ಕಿತು, ಆಮೇಲೆ ನನ್ನ ಕನ್ನಡಕ.

"ಅಲ್ಲಾಡ್‌ಬ್ಯಾಡ, ಸುಮ್ಕೆ ನಿಂತ್ಕೊ!" ಎಂದು ಮಾವ ಗದರಿದರು.

"ನೋಡಿ ಮಾವ, ಹೇಳಿದ ತಕ್ಷಣ ಎಷ್ಟು ಚೆನ್ನಾಗಿ ನಿಂತಿತು" ಎಂದೆ.

"ಅದು ಆಗ್ಲೇ ನಿಂತೈತೆ. ನಾನೇಳಿದ್ದು ನಿಮ್ಗೆ, ಅಳೀಂದ್ರೆ."

ಜಮೀನು ನೋಡಲು ಬಂದವರು

ಹದಿನೇಳು ಫೋಟೊಗಳಲ್ಲಿ ಅತಿ ಹತ್ತಿರದ್ದನ್ನು ಆರಿಸಿ ಕಳಿಸಿದೆ. ಪ್ರತಿ ಗೆರೆಯೂ ಕೊರೆದಿಟ್ಟಂತಿತ್ತು. ಹೊಳ್ಳೆಯಾಗಲಿ ಬಾಯಾಗಲಿ ಅದರಲ್ಲಿ ಕಾಣುತ್ತಿರಲಿಲ್ಲ, ಆ ಹೆಮ್ಮೆಯಲ್ಲಿ ನನಗದು ಹೊಳೆಯಲೂ ಇಲ್ಲ.

ವಾರ ಕಳೆದು ವಿಮೆಯ ಕಚೇರಿಯಿಂದ ಒಬ್ಬರು ಬೈಕಿನಲ್ಲಿ ಬಂದರು. ನಾನೂ ಅಂದು ಅಲ್ಲೇ ಇದ್ದೆ. ಅವರ ಕೈಯಲ್ಲಿ ನಾನು ತೆಗೆದ ಫೋಟೊ. "ನಾನು ಬೆಳೆ ವಿಮೆಯವನು. ಭೂಮಿ ಹೀಗೆ ಬಿರುಕು ಬಿಟ್ಟಿದ್ಯಲ್ಲ, ಆ ಜಮೀನು ತೋರಿಸಿ" ಎಂದರು.

ಮಾವ ಫೋಟೊ ಇಸಕೊಂಡು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹನ್ನೊಂದು ವರ್ಷದ ಮೇಲೆ ಸಿಕ್ಕ ಒಂದೇ ಕೆಲಸವೂ ಹೋಯಿತು ಅಂದುಕೊಂಡೆ.

"ಬನ್ನಿ ಸಾರ್" ಎಂದು ಮಾವ ಅವರನ್ನು ಸೀದಾ ಕೊಟ್ಟಿಗೆಗೆ ಕರೆದೊಯ್ದು, ಫೋಟೊವನ್ನು ಹಸುವಿನ ಮೂಗಿನ ಪಕ್ಕ ಹಿಡಿದರು. ಬಂದವರು ಬಗ್ಗಿ ಒಂದೊಂದೇ ಗೆರೆ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ. ನಗು ತಡೆಯಲಾರದೆ ಕಂಬ ಹಿಡಿದುಕೊಂಡರು.

"ಮೂಗಿನ ಫೋಟೊನ ಇಷ್ಟು ಚೆನ್ನಾಗಿ ಯಾರೂ ಕೊಟ್ಟಿಲ್ಲ ಯಜಮಾನರೇ. ಹಸು ವಿಭಾಗಕ್ಕೆ ನಾನೇ ತಲುಪಿಸ್ತೀನಿ. ಆದ್ರೆ ಜಮೀನು ನೋಡೋಕೆ ಅಂತ ಬಂದಿದ್ದೀನಿ, ರಿಪೋರ್ಟಲ್ಲಿ ಏನಂತ ಬರೀಲಿ?"

ಮಾವ ನನ್ನ ಹೆಗಲ ಮೇಲೆ ಕೈ ಹಾಕಿದರು.

"ಬರ್ಕಳಿ ಸಾರ್. ಜಮೀನು ಬಲು ಚೆನ್ನಾಗೈತೆ, ದಿನಕ್ಕೆ ಅನ್ನೆರಡು ಲೀಟ್ರು ಕೊಡ್ತದೆ. ಸರ್ವೆ ಮಾಡ್ದೋರು ನಮ್ಮ ಅಳೀಂದ್ರು!"