ಬಾಗಿಲಿಗೆ ಹಿಡಿಸದ ಬೆಂಚು

ಬೆಂಚು ಬಾಗಿಲಿಗಿಂತ ಅಗಲವಾಗಿದ್ದದ್ದೇ ಎಲ್ಲಕ್ಕೂ ಮೂಲ. ಮೇಜೂ ಬೆಂಚೂ ಸೇರಿಸಿ ಬೆಸುಗೆ ಹಾಕಿದ, ಆನೆಮರಿಯಂಥ ಕಬ್ಬಿಣದ ಸಾಮಾನು ಅದು. ಶಾಲೆಯ ಹೊಸ ಕೋಣೆ ಕಟ್ಟಿಸಿದ್ದು ಒಂದು ಕಚೇರಿ, ಬೆಂಚು ಮಾಡಿಸಿದ್ದು ಇನ್ನೊಂದು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಕೇಳಲಿಲ್ಲ.

ಹೆಡ್ ಮೇಷ್ಟ್ರಿಗೆ ಕೈಕಾಲೇ ಆಡಲಿಲ್ಲ. ಮಧ್ಯಾಹ್ನ ಎಂಜಿನಿಯರ್ ಬರುವವರಿದ್ದರು. ಬೆಂಚುಗಳೆಲ್ಲ ಒಳಗಿದ್ದರೆ ಮಾತ್ರ ಕೋಣೆಯನ್ನು ಶಾಲೆಗೆ ಒಪ್ಪಿಸುತ್ತೇನೆ ಎಂದಿದ್ದರು. ಇಲ್ಲದಿದ್ದರೆ ಮಕ್ಕಳಿಗೆ ಈ ಬೇಸಿಗೆಯೂ ಅದೇ ತಗಡಿನ ಶೆಡ್ಡು. ಹೊತ್ತೇರಿದರೆ ಅದು ಒಲೆ ಮೇಲಿನ ಬಾಣಲೆ. ನಿನ್ನೆ ತಾನೆ ಒಬ್ಬ ಹುಡುಗಿ ಪಾಠ ಓದುತ್ತಾ ಓದುತ್ತಾ ತಲೆ ಸುತ್ತಿ ಬಿದ್ದಿದ್ದಳು.

ಮೊದಲ ಬೆಂಚನ್ನು ಓರೆ ಮಾಡಿದರು, ನೆಟ್ಟಗೆ ನಿಲ್ಲಿಸಿದರು, ತಲೆಕೆಳಗೂ ಮಾಡಿದರು. ಅದು ಮುನಿಸಿಕೊಂಡ ಅಳಿಯನ ಹಾಗೆ ಹೊಸ್ತಿಲು ದಾಟಲಿಲ್ಲ.

"ಕೊಯ್ದುಬಿಡೋಣ ಸಾರ್," ಎಂದ ಜವಾನ.

"ಸರಕಾರಿ ಸಾಮಾನು ಕಣೋ! ಅದನ್ನ ಕೊಯ್ದರೆ ನನ್ನ ಕುತ್ತಿಗೇನೂ ಕೊಯ್ತಾರೆ."

"ಹಾಗಾದ್ರೆ ಗೋಡೆ ಒಡೀರಿ," ಎಂದು ಪಕ್ಕದ ಮನೆ ಅಜ್ಜಿ ಕಿಟಕಿಯಿಂದಲೇ ಕೂಗಿದಳು.

"ಗೋಡೇನೂ ಸರಕಾರದ್ದೇ ಅಜ್ಜಿ!"

"ಗೋಡೆ ಮತ್ತೆ ಕಟ್ಟಬಹುದು ಮೇಷ್ಟ್ರೇ," ಎಂದ ಅದನ್ನು ಕಟ್ಟಿದ್ದ ಗಾರೆಯವನೇ. "ಕೊಯ್ದ ಬೆಂಚು ಮತ್ತೆ ಬೆಳೆಯುತ್ತಾ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಹೂಂ ಎಂದರು. ಹಿಂದಿನ ಗೋಡೆ ಒಡೆಯಿತು. ಬೆಂಚುಗಳು ಒಂದರ ಹಿಂದೊಂದು ಒಳಗೆ ಹೋದವು. ಇಟ್ಟಿಗೆ ಮತ್ತೆ ಏರಿತು, ಮೇಲೆ ಗಾರೆ, ಅದರ ಮೇಲೆ ಸುಣ್ಣ. ಅಜ್ಜಿ ಅಲ್ಲಿಂದಲೇ "ಎಡಗಡೆ ಇನ್ನೊಂದು ಸಲ ಬಳಿ, ಎಡಗಡೆ!" ಎನ್ನುತ್ತಿದ್ದಳು. ಸುಣ್ಣದ ಕುಂಚ ಕೆಳಗಿಡುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಮೇಷ್ಟ್ರು ಓಡಿಹೋಗಿ ಹಸಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಕೋಟಿನ ಹಿಂಭಾಗವೆಲ್ಲ ಬೆಳ್ಳಗಾಯಿತು.

ಎಂಜಿನಿಯರ್ ಒಳಗೆ ಬಂದು ಬೆಂಚು ನೋಡಿದರು, ಬಾಗಿಲು ನೋಡಿದರು, ಮತ್ತೆ ಬೆಂಚು ನೋಡಿದರು.

"ಇವು ಹೇಗ್ರೀ ಒಳಗೆ ಬಂದವು?"

"ಹೇಗೋ... ಎಲ್ಲರೂ ಕೈ ಹಾಕಿದ್ವಿ ಸಾರ್."

"ಛೆ, ಒಂದು ದಿನ ತಡ್ಕೋಬಾರದಿತ್ತೇ? ಬಾಗಿಲು ಚಿಕ್ಕದಾಯ್ತು ಅಂತ ನಮಗೂ ಗೊತ್ತಾಗಿತ್ತು. ಅದಕ್ಕೇ ಬೇರೆ ಚಿಕ್ಕ ಬೆಂಚುಗಳನ್ನೇ ಮಾಡಿಸಿಬಿಟ್ವಿ. ಲಾರಿ ಹಿಂದೇನೇ ಬರ್ತಿದೆ." ಅವರು ಒಪ್ಪಿಸಲೆಂದು ತೆಗೆದಿದ್ದ ಕೋಣೆಯ ಬೀಗದ ಕೈಯನ್ನು ಮತ್ತೆ ಜೇಬಿಗೆ ಇಳಿಬಿಟ್ಟರು. "ಇವನ್ನ ಹೊರಗೆ ಹಾಕಿಸಿ, ಅವನ್ನ ಒಳಗೆ ಹಾಕಿಸಿ. ಆಮೇಲೆ ಹೇಳಿಕಳಿಸಿ, ಬರ್ತೀನಿ."

ಜೀಪು ಹೋಯಿತು. ಶೆಡ್ಡಿನಲ್ಲಿ ಮಕ್ಕಳು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮೇಷ್ಟ್ರು ಗೋಡೆಯಿಂದ ಬೆನ್ನು ಕಿತ್ತುಕೊಂಡು ಒಂದು ಬೆಂಚಿನ ಮೇಲೆ ಕುಕ್ಕರಿಸಿದರು.

ಗಾರೆಯವನು ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಮೇಷ್ಟ್ರೇ, ಗಾರೆ ಇನ್ನೂ ಹಸೀನೇ ಇದೆ. ಈಗಲೇ ಗೋಡೆ ತಳ್ಳಿಬಿಡಲಾ? ಸುತ್ತಿಗೆ ಕೆಲಸ ಉಳಿಯುತ್ತೆ."