ಚಕ್ರಕ್ಕೆ ಸಿಕ್ಕಿಸಿದ ಮದುವೆ ಕಾರ್ಡು

ಹಳೇ ಕಾರು ಕೊಳ್ಳಲು ಹೋದವರು ಬಾನೆಟ್ ಎತ್ತಿ ಒಳಗೆ ಇಣುಕುವುದನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ಅಲ್ಲಿ ಏನು ಕಾಣುತ್ತದೆ? ಮಾರುವವನು ಹಿಂದಿನ ದಿನವೇ ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟ ಕಬ್ಬಿಣ. ನನ್ನ ಮಾತು ಕೇಳಿ. ಮೊದಲು ಎಡಗಡೆಯ ಮುಂದಿನ ಚಕ್ರದ ಎದುರು ಕುಕ್ಕರಗಾಲಿನಲ್ಲಿ ಕೂತು ರಿಮ್ಮಿನ ಅಂಚು ನೋಡಿ. ಅದು ತರಚಿದ್ದರೆ, ಆ ಗಾಡಿಯ ಯಜಮಾನನಿಗೆ ರಸ್ತೆ ಎಲ್ಲಿ ಮುಗಿಯುತ್ತದೆ ಎಂಬುದೇ ಗೊತ್ತಿಲ್ಲ ಎಂದಾಯಿತು. ಅಂಥವನು ಎಂಜಿನ್ ಆಯಿಲ್ ಬದಲಿಸುವುದನ್ನು ನೆನಪಿಟ್ಟುಕೊಂಡಿರುತ್ತಾನೆಯೇ? ಅಲ್ಲಿಂದಲೇ ಬೆಲೆ ಇಳಿಸಲು ಶುರು ಮಾಡಿ. ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಸೋರುವ ನಲ್ಲಿ ರಿಪೇರಿ ಮಾಡುತ್ತ ಬೆಳೆದವನು ನಾನು. ಈಗ ಬಂಗಾರಪೇಟೆಯಲ್ಲಿ ಪೈಪು, ನಲ್ಲಿಗಳ ಸ್ವಂತ ಅಂಗಡಿ ಇದೆ. ಆದರೂ ಜನ ನನ್ನನ್ನು ಹುಡುಕಿಕೊಂಡು ಬರುವುದು ನಲ್ಲಿಗಲ್ಲ, ಈ ರಿಮ್ಮಿನ ಜ್ಞಾನಕ್ಕೆ. ಎಷ್ಟೋ ಜನ ಕಾರು ಕೊಳ್ಳುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾರೆ. ನಾನು ಕುಕ್ಕರಗಾಲಿನಲ್ಲಿ ಕೂತರೆ ಮಾರುವವನ ಮುಖ ಸಣ್ಣದಾಗುತ್ತದೆ.

ಇಂಥ ನಾನು, ಆರು ತಿಂಗಳ ಹಿಂದೆ ಒಂದು ಶನಿವಾರ, ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಕಾರು ನಿಲ್ಲಿಸುತ್ತಿದ್ದೆ. ಮುಂದೆ ಒಬ್ಬ ಆಟೋದವನು ಅಡ್ಡಡ್ಡ ನಿಲ್ಲಿಸಿದ್ದ. ಗಾಡಿ ಹೇಗೆ ನಿಲ್ಲಿಸಬೇಕೆಂದು ಕಿಟಕಿಯಿಂದ ತಲೆ ಹೊರಹಾಕಿ ಅವನಿಗೆ ವಿವರಿಸುತ್ತಿರುವಾಗ ಎಡಗಡೆಯಿಂದ ಕರ್ರ್ ಎಂದು ಸದ್ದು ಬಂತು. ಇಳಿದು ನೋಡಿದರೆ ಫುಟ್‌ಪಾತಿನ ಕಲ್ಲು ನನ್ನ ಅಲಾಯ್ ರಿಮ್ಮಿನ ಅಂಚನ್ನು ಇಲಿ ಕಡಿದ ರೊಟ್ಟಿಯಂತೆ ಮಾಡಿಟ್ಟಿತ್ತು. ಆಟೋದವನೂ ಇಳಿದು ಬಂದು ನೋಡಿದ. "ಹಿಂಗ್ ನಿಲ್ಲಿಸ್ಬೇಕಾ ಸಾರ್?" ಎಂದು ವಿನಯದಿಂದ ಕೇಳಿ ಹೊರಟುಹೋದ.

ಬೇರೆ ದಿನವಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮರುದಿನ ಭಾನುವಾರ ಕಾಮಸಮುದ್ರದಿಂದ ನನ್ನ ಬಾಮೈದ ಮುನಿರಾಜು ಬರುವವನಿದ್ದ. ಹಸು ಕಟ್ಟಿ, ಹಾಲು ಮಾರಿ ಮೇಲೆ ಬಂದವನು. ಮಗಳ ಮದುವೆ ಹತ್ತಿರವಾಗಿದ್ದರಿಂದ ಒಂದು ಹಳೇ ಕಾರು ಕೊಳ್ಳುವ ಯೋಚನೆಯಲ್ಲಿದ್ದ. ಅದನ್ನು ನೋಡಿ ಬೆಲೆ ಕುದುರಿಸಿಕೊಡುವ ಹೊಣೆ ನನ್ನದು. ರಿಮ್ಮಿನ ಪಾಠವನ್ನು ನನ್ನ ಬಾಯಿಂದ ಅತಿ ಹೆಚ್ಚು ಸಲ ಕೇಳಿದವನೂ ಅವನೇ. ಅವನು ನನ್ನ ಚಕ್ರ ನೋಡಿದರೆ, ಇಷ್ಟು ವರ್ಷ ಕಟ್ಟಿದ ನನ್ನ ಮರ್ಯಾದೆ ಕಾಮಸಮುದ್ರದ ಬಸ್ಸು ಹತ್ತಿ ಊರೂರಿಗೆ ಹೋಗುತ್ತದೆ.

ಕೂಡಲೇ ಉರಿಗಾಂನ ಪೇಂಟರ್ ಹತ್ತಿರ ಹೋದೆ. ಅವನು ಬೆಲೆ ಹೇಳಿದ, ನಾನು ಅರ್ಧ ಹೇಳಿದೆ. ಅವನು ಸ್ವಲ್ಪ ಇಳಿದ, ನಾನು ಅರ್ಧದಲ್ಲೇ ನಿಂತೆ. ಕೊನೆಗೆ ಅವನು ಕೈಯಲ್ಲಿದ್ದ ಸ್ಪ್ರೇ ಗನ್ ಕೆಳಗಿಟ್ಟು, "ಸಾರ್, ನೀವು ಚಕ್ರಕ್ಕೆ ಪೇಂಟ್ ಮಾಡ್ಸೋಕೆ ಬಂದ್ರಾ, ನನ್ ಅಂಗಡೀನೇ ತಗೊಳ್ಳೋಕೆ ಬಂದ್ರಾ?" ಎಂದ. ಚೌಕಾಸಿಯಲ್ಲಿ ನಾನು ಸೋಲಲಿಲ್ಲ. ಕೆಲಸ ಮಾತ್ರ ಆಗಲಿಲ್ಲ. ಹೋಗಲಿ, ಇದೇನು ಬ್ರಹ್ಮವಿದ್ಯೆಯೇ ಎಂದು ಉಪ್ಪುಕಾಗದ, ಪುಟ್ಟಿ, ಸಿಲ್ವರ್ ಬಣ್ಣದ ಸ್ಪ್ರೇ ಡಬ್ಬಿ ತಂದೆ. ಸಂಜೆಯೇ ತಿಕ್ಕಿ ಪುಟ್ಟಿ ತುಂಬಿದೆ. ಭಾನುವಾರ ಬೆಳಿಗ್ಗೆ ಮತ್ತೆ ತಿಕ್ಕಿ ನಯ ಮಾಡಿದೆ. ಉಳಿದದ್ದು ಬಣ್ಣ. ಟೈರಿಗೆ ಬಣ್ಣ ತಾಗಬಾರದೆಂದರೆ ಟೈರಿಗೂ ರಿಮ್ಮಿಗೂ ನಡುವಿನ ಸಂದಿಯಲ್ಲಿ ಸುತ್ತಲೂ ಗಟ್ಟಿ ಕಾಗದ ಸಿಕ್ಕಿಸಬೇಕು. ನಮ್ಮ ಕಡೆ ಯಾರ ಮನೆಯಲ್ಲೂ ಗಟ್ಟಿ ಕಾಗದಕ್ಕೆ ಬರವಿಲ್ಲ. ಮೂಲೆಗೆ ಅರಿಶಿನ ಹಚ್ಚಿದ ಮದುವೆ ಕಾರ್ಡುಗಳು ಮೊಳೆಗೆ ನೇತುಹಾಕಿದ ಚೀಲದಲ್ಲಿ ಇದ್ದೇ ಇರುತ್ತವೆ. "ಆಗೋಗಿರೋ ಮದ್ವೆಗಳ್ದು ಮಾತ್ರ ತಗೊಳ್ಳಿ" ಎಂದು ನನ್ನ ಹೆಂಡತಿ ರತ್ನ ಅಡುಗೆಮನೆಯಿಂದಲೇ ಹೇಳಿದಳು. ನಾನು ಹೂಂ ಎಂದೆ. ಆದರೆ ಆರಿಸುವಾಗ ತಾರೀಖು ನೋಡಲಿಲ್ಲ; ಬೆರಳಲ್ಲಿ ಬಗ್ಗಿಸಿ ದಪ್ಪ ನೋಡಿದೆ. ವ್ಯಾಪಾರದವನ ಬುದ್ಧಿ.

ಚಕ್ರದ ಸುತ್ತ ಕಾರ್ಡುಗಳು ದೇವರ ಪ್ರಭಾವಳಿಯಂತೆ ನಿಂತವು. ಬಣ್ಣ ಹೊಡೆದೆ. ಬಹಳ ಚೆನ್ನಾಗಿ ಬಂತು. ಬಿಸಿಲಿಗೆ ಒಣಗಲಿ ಎಂದು ಎದ್ದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, ಹತ್ತು ಗಂಟೆಯ ಮೇಲೆ ಬರಬೇಕಿದ್ದ ಮುನಿರಾಜು ಡೈರಿಗೆ ಹಾಲು ಹಾಕಿ ಮೊದಲ ಬಸ್ಸಿಗೇ ಬಂದು ಗೇಟು ತೆಗೆದ.

"ಏನ್ ಬಾವಾ, ಗಾಡೀಗೇ ಮದ್ವೆ ಮಾಡ್ತಾ ಇದೀರಾ?" ಎಂದು ನಗುತ್ತ ಬಂದವನು, ನಾನೇ ಕಲಿಸಿದಂತೆ ಕುಕ್ಕರಗಾಲಿನಲ್ಲಿ ಕೂತ. ಸುತ್ತ ಕಣ್ಣಾಡಿಸಿದ. ನಗು ನಿಂತಿತು. ಮೇಲ್ಗಡೆಯ ಒಂದು ಕಾರ್ಡನ್ನು ಮೆಲ್ಲಗೆ ಎಳೆದು ತಿರುಗಿಸಿ ನೋಡಿದ.

"ಇದು ನಮ್ ಮಗೀದಲ್ವಾ ಬಾವಾ?"

ಅವನ ಮಗಳದ್ದೇ. ಹಿಂದಿನ ವಾರವಷ್ಟೇ ಗಂಡ ಹೆಂಡತಿ ಇಬ್ಬರೂ ಬಂದು, ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟು, ನಮ್ಮನ್ನು ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿ ಕೊಟ್ಟುಹೋದ ಕಾರ್ಡು. ಇನ್ನೂ ಆಗಬೇಕಾದ ಮದುವೆಯ ಹೆಣ್ಣಿನ ಹೆಸರಿನ ಮೇಲೆ ನಾನು ಸಿಲ್ವರ್ ಬಳಿದಿದ್ದೆ. ಕಾಫಿ ತಂದ ರತ್ನ ಹೊಸ್ತಿಲಲ್ಲೇ ನಿಂತಳು. "ಬಾಯ್ ಬಡ್ಕೊಂಡೆ ಕಣ್ಲಾ ಮುನಿರಾಜ, ನಿಮ್ ಬಾವ ಕೇಳ್ತಾರಾ?" ಎಂದು ತನ್ನನ್ನು ಮಾತ್ರ ಪಾರುಮಾಡಿಕೊಂಡಳು. ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಸಂಬಂಧಕ್ಕೇ ಕುತ್ತು ತಂದುಕೊಂಡಿದ್ದೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಎಲ್ಲಕ್ಕಿಂತ ಗಟ್ಟಿ ಇತ್ತಪ್ಪ."

ಮುನಿರಾಜು ಚಕ್ರಕ್ಕೆ ಇನ್ನಷ್ಟು ಹತ್ತಿರ ಸರಿದ. ಕಾರ್ಡು ಇದ್ದ ಜಾಗದ ಟೈರನ್ನು ಬೆರಳಲ್ಲಿ ಒರೆಸಿ ನೋಡಿದ. ಪಕ್ಕದ ಕಾರ್ಡು ಎಳೆದು ಅಲ್ಲಿಯೂ ಒರೆಸಿದ. ಆಮೇಲೆ ಮುಖ ಅರಳಿತು. "ಬಾರಕ್ಕಾ, ಬಂದ್ ನೋಡು. ಬೇರೆ ಕಾರ್ಡೆಲ್ಲಾ ನೆನ್ಕೊಂಡು ಟೈರಿಗೆ ಬಣ್ಣ ಬಿಟ್ಟವೆ. ನಮ್ದು ಇದ್ದ ಕಡೆ ಒಂದ್ ತೊಟ್ಟಾದ್ರೂ ಒಳೀಕ್ ಓಗೈತಾ? ಇಷ್ಟ್ ದಪ್ಪಂದು ಯಾಕೆ ಅಂತ ಮನೇಲಿ ಎಲ್ರೂ ನನ್ನ ಬೈದ್ರು. ಬಾವನಂಥ ಚೌಕಾಸಿ ಮನ್ಷನೇ ಆರಿಸ್ಕೊಂಡವ್ರೆ ಅಂತ ಓಗಿ ಯೋಳ್ತೀನಿ." ರತ್ನ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಒಯ್ದು ದೇವರ ಮುಂದಿಟ್ಟಳು. ನಾನು ಉಸಿರು ಬಿಟ್ಟೆ. ಆಗ ಅವನು ಕಾಫಿ ಊದುತ್ತ ಕೇಳಿದ: "ಅದಿರ್ಲಿ ಬಾವಾ, ರಿಮ್ಮು ತರಚಿದ್ದು ಯಾರು?"

"ಕಲ್ಲು ಸ್ವಲ್ಪ ಮುಂದಕ್ಕೆ ಬಂದಿತ್ತು" ಎಂದೆ.

ಆ ದಿನ ಬಂಗಾರಪೇಟೆಯಲ್ಲಿ ನಾವು ನೋಡಿದ ಕಾರಿನ ರಿಮ್ಮು ಕನ್ನಡಿಯಂತಿತ್ತು. ನಾನಾಗಿದ್ದರೆ ಮೋಸಹೋಗುತ್ತಿದ್ದೆ. ಮುನಿರಾಜು ನನಗಿಂತ ಮುಂಚೆ ಕೂತ. ಟೈರಿನ ಅಂಚಿನಲ್ಲಿದ್ದ ಸಣ್ಣ ಸಿಲ್ವರ್ ಬಣ್ಣದ ಕಲೆಯನ್ನು ಉಗುರಿನಿಂದ ಕೆರೆದು, ಮಾರುವವನನ್ನು ತಲೆಯೆತ್ತಿ ನೋಡಿ ಕೇಳಿದ: "ಇದು ಯಾರ ಮದ್ವೆ ಕಾರ್ಡ್ನಾಗ್ ಮಾಡಿದ್ದಣ್ಣಾ? ಬಲೇ ತೆಳ್ಳಂದು ಇಟ್ಟಿದೀರ." ಮಾರುವವನು ಬೆವರು ಒರೆಸಿಕೊಂಡ. ಅಲ್ಲಿಂದ ಬೆಲೆ ಇಳಿದ ರೀತಿ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ನಾನು ಇಡೀ ಹೊತ್ತು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಈ ವಿದ್ಯೆ ಎಲ್ಲಿ ಕಲಿತದ್ದೆಂದು ಅವನು ಅಲ್ಲೇ ಹೇಳಿಬಿಡುತ್ತಿದ್ದ.

ಮದುವೆ ಸುಸೂತ್ರವಾಗಿ ಆಯಿತು. ಈಗ ಕಾಮಸಮುದ್ರದ ಕಡೆ ಯಾರು ಹಳೇ ಕಾರು ಕೊಳ್ಳುವುದಿದ್ದರೂ ಮುನಿರಾಜುವನ್ನೇ ಕರೆಯುತ್ತಾರೆ. ಅವನು ಮೊದಲು ಅವರನ್ನು ನಮ್ಮ ಮನೆಗೆ ಕರೆತಂದು, ರಿಪೇರಿಯಾದ ರಿಮ್ಮು ಹೇಗಿರುತ್ತದೆಂದು ನನ್ನ ಚಕ್ರದ ಮುಂದೆ ಕೂರಿಸಿ ಪಾಠ ಹೇಳುತ್ತಾನೆ. ಕಾಫಿ ನಮ್ಮದು. ಮೊನ್ನೆ ಹಿಂದಿನ ಚಕ್ರವನ್ನೂ ಅದೇ ಕಲ್ಲಿಗೆ ಉಜ್ಜಿದೆ. ಉಪ್ಪುಕಾಗದ ತೆಗೆದುಕೊಂಡು ಕೂತಿದ್ದೆ; ಫೋನಿನಲ್ಲಿ ವಿಷಯ ತಿಳಿದ ಮುನಿರಾಜು ಬೇಡವೇ ಬೇಡ ಎಂದ. "ಅಂಗೇ ಇರ್ಲಿ ಬಾವಾ. ಒಂದು ರಿಪೇರಿ ಆಗಿರೋದು, ಒಂದು ಆಗ್ದೇ ಇರೋದು, ಎರಡೂ ಒಂದೇ ಗಾಡೀಲಿ ಇದ್ರೆ ಜನಕ್ಕೆ ತೋರ್ಸಕ್ಕೆ ಸಲೀಸು."