ಕಣ್ಣಿಗೆ ಬಿದ್ದ ರೆಟಿನಲ್

ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಮನುಷ್ಯ ನಾನು. ಅದೂ ಬಿ.ಎಸ್ಸಿ.! ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುವಾಗ ಅಪ್ಪ ಸಿಮೆಂಟು ಹೊತ್ತು ನನ್ನನ್ನು ಓದಿಸಿದ. ಈಗ ಅಂಥದೇ ಕಟ್ಟಡವೊಂದರಲ್ಲಿ ಏಸಿಯ ಕೆಳಗೆ ಕೂತು ದಿನವಿಡೀ ಕಂಪ್ಯೂಟರ್ ನೋಡುತ್ತೇನೆ. ಹೀಗಾಗಿ ಕುಷಾಯಿಗೂಡದ ನಮ್ಮ ಮನೆಗೆ ಬರುವ ಯಾವುದೇ ಡಬ್ಬಿ, ಬಾಟಲಿಯ ಇಂಗ್ಲಿಷಿಗೆ ಅರ್ಥ ಹೇಳುವ ಅಧಿಕಾರ ನನ್ನದೇ. ಯಾರೂ ಕೇಳದಿದ್ದರೂ!

ತಂಗಿ ಗೀತಾಳನ್ನು ನೋಡಲು ಭಾನುವಾರ ಕಲಬುರಗಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ಮೇಲೆ ಅವಳಿಗೂ ಮನಸ್ಸಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿಯನಾಗಿ ಮುಂದೆ ಕೂತು ಮಾತಾಡಬೇಕಾದವನು ನಾನು. ಆದರೆ ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

ಶನಿವಾರ ರಾತ್ರಿ ಹೆಂಡತಿ ಶೋಭಾ ಎಂದಿನಂತೆ ಮುಖ ತೊಳೆದು, ಸಣ್ಣ ಬಾಟಲಿಯಿಂದ ಏನೋ ಒಂಚೂರು ಹಚ್ಚಿಕೊಂಡಳು. ಬಾಟಲಿ ನನ್ನ ಕಣ್ಣಿಗೆ ಬಿತ್ತು: ‘ರೆಟಿನಲ್ ಸೀರಮ್’.

“ಇದು ಕಣ್ಣಿಂದು!” ಎಂದೆ.

“ಅಲ್ರೀ, ಮಾರಿಗೆ ಹಚ್ಚೋದು. ಸುಕ್ಕು ಹೋಗ್ತಾವ.”

“ರೆಟಿನಾ ಅಂದ್ರ ಕಣ್ಣಿನ ಒಳಪರದೆ. ರೆಟಿನಲ್ ಅಂದ್ರ ಅದಕ್ಕ ಸಂಬಂಧಪಟ್ಟಿದ್ದು. ನಾ ಬಿ.ಎಸ್ಸಿ. ಓದೀನಿ!”

“ಬಿ.ಎಸ್ಸಿ. ಓದೀರಿ, ಬಾಟಲಿ ಓದಿಲ್ಲ. ಕಣ್ಣಿನ ಹತ್ರ ಹಚ್ಚಬ್ಯಾಡ್ರಿ ಅಂತ ಬರದೈತಿ.”

ವಿದ್ಯಾವಂತನಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ಅವಳು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದದ್ದೇ ತಡ, ಅವ್ವ ಕೂಸಿಗೆ ಕಾಡಿಗೆ ತೀಡುವಂತೆ ರೆಪ್ಪೆಯ ಅಂಚಿನವರೆಗೂ ಧಾರಾಳವಾಗಿ ತೀಡಿಕೊಂಡೆ.

ಬೆಳಿಗ್ಗೆ ಕಪ್ಪು ಹೋಗಿತ್ತು. ಕೆಂಪು ಬಂದಿತ್ತು!

ರೆಪ್ಪೆಗಳು ಪೂರಿಯಂತೆ ಉಬ್ಬಿದ್ದವು. ಶೋಭಾ ತಣ್ಣೀರಿನಿಂದ ಎಷ್ಟು ತೊಳೆದರೂ ಕಣ್ಣೀರು ನಿಲ್ಲಲಿಲ್ಲ.

“ಅಣ್ಣಾ, ನೀ ಕುಡದಿ ಅಂತ ತಿಳಕೋತಾರ! ಇವತ್ತ ಆಗಬೇಕಿತ್ತೇನು ಇದು?” ಎಂದ ಗೀತಾಳ ಕಣ್ಣುಗಳೂ ತುಂಬಿದವು. ಅವಳದು ನಿಜವಾದ ನೀರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಬಂದೇ ಬಿಟ್ಟರು. ಹುಡುಗನ ಅಜ್ಜಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು.

“ಯಾಕಪಾ ತಮ್ಮಾ, ಕಣ್ಣು ಹಿಂಗ ಕೆಂಡ ಆಗ್ಯಾವ?”

ಎಲ್ಲರ ಚಮಚಗಳು ನಿಂತವು. “ರೆಟಿನಾ ಅಂದ್ರ…” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಶೋಭಾ ನಡುವೆ ಬಂದಳು.

“ತಂಗಿ ಮ್ಯಾಲ ಭಾಳ ಜೀವ ರೀ ಅಜ್ಜಿ. ನೀವು ಬರ್ತೀರಿ ಅಂದಾಗಿಂದ ಹಿಂಗ ಅಳಾಕತ್ತಾರ.”

ಹೇಳುವಾಗ ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಎಂಥ ಹೆಂಗಸು! ಸೀರಮಿನ ಗುಣವೂ ಇರಬೇಕು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇಂಥಾ ಅಣ್ಣ ಇದ್ದ ಮನಿ ಹೆಣ್ಣು ಬಿಡಬಾರದಪಾ!”

ಮಾತು ಪಕ್ಕಾ ಆಯಿತು. ನನ್ನ ಡಿಗ್ರಿಯ ಬಗ್ಗೆ ಒಬ್ಬರೂ ಕೇಳಲಿಲ್ಲ.

ಮದುವೆಯ ದಿನ ಗೀತಾಳನ್ನು ಕಳಿಸಿಕೊಡುವ ಹೊತ್ತು. ಬೀಗರೆಲ್ಲ ಸುತ್ತುವರಿದು, ಅಳುವುದರಲ್ಲಿ ಹೆಸರಾದ ಅಣ್ಣನಿಗಾಗಿ ಮೊಬೈಲು ಎತ್ತಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅಜ್ಜಿ. ನನ್ನ ಕಣ್ಣೋ, ಬೇಸಿಗೆಯ ನಲ್ಲಿ! ಹನಿಯಿಲ್ಲ.

ಶೋಭಾ ಕಿವಿಯ ಹತ್ತಿರ ಬಂದಳು.

“ಬ್ಯಾಗಿನ್ಯಾಗ ಬಾಟಲಿ ಐತಿ. ತೆಗೀಲೇನು, ಬಿ.ಎಸ್ಸಿ. ಸಾಹೇಬ್ರ?”

ನಗು ತಡೆಯಲಾಗದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಭುಜಗಳು ಕುಲುಕತೊಡಗಿದವು.

“ನೋಡ್ರಿ, ಪಾಪ!” ಎಂದರು ಅಜ್ಜಿ.